ಕರೆಯುವವನ ಎಲೆ

ಅವರು ಪಂಕ್ತಿಯಲ್ಲಿ ಕೂತು ಊಟ ಮಾಡಿದ್ದನ್ನು ನಾನು ಒಂದೇ ಒಂದು ಸಲ ನೋಡಿದ್ದೇನೆ. ಎಷ್ಟೋ ವರ್ಷ ಅವರನ್ನು ಹತ್ತಿರದಿಂದ ಬಲ್ಲವಳು ನಾನು. ಆದರೂ ಆ ಒಂದು ಸಲದ ಬಗ್ಗೆ ಬರೆಯಬೇಕೆಂದು ಕೂತಾಗಲೆಲ್ಲ ಕೈ ನಿಂತುಬಿಡುತ್ತದೆ. ಅವರು ತೀರಿಕೊಂಡು ಈಗ ಕೆಲವು ತಿಂಗಳಾಯಿತು. ಕಂಡದ್ದನ್ನು ಕಂಡ ಹಾಗೆ, ಕೇಳಿದ್ದನ್ನು ಕೇಳಿದ ಹಾಗೆ, ಹೆಚ್ಚು ಮಾಡದೆ ಕಮ್ಮಿ ಮಾಡದೆ ಬರೆಯಲು ನೋಡುತ್ತೇನೆ.

ಹಾಸನದ ನಮ್ಮ ಸಣ್ಣ ಕ್ರೈಸ್ತ ಸಭೆಗೆ ಅವರು ಉಪದೇಶಿ. ಸಭಾಪಾಲಕರು ಬರುತ್ತಾರೆ, ವರ್ಗವಾಗಿ ಹೋಗುತ್ತಾರೆ; ಉಪದೇಶಿ ಮಾತ್ರ ಇದ್ದಲ್ಲೇ ಇರುತ್ತಾರೆ. ಮನೆಮನೆಗೆ ಹೋಗಿ ಪ್ರಾರ್ಥನೆ ಮಾಡುವುದು, ಕಾಯಿಲೆ ಬಿದ್ದವರನ್ನು ನೋಡಿ ಬರುವುದು, ಸಾವಾದ ಮನೆಯಲ್ಲಿ ಎಲ್ಲರಿಗಿಂತ ಮೊದಲು ಹೋಗಿ ನಿಲ್ಲುವುದು ಅವರ ಕೆಲಸ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೂರೂ ಕಡೆ ನಮ್ಮವರ ಮನೆಗಳು ಅಲ್ಲೊಂದು ಇಲ್ಲೊಂದು ಇದ್ದವು. ಅಷ್ಟಕ್ಕೂ ಅವರು ಒಂದು ಹಳೆಯ ಮೊಪೆಡ್‌ನಲ್ಲೇ ಸುತ್ತುತ್ತಿದ್ದರು. ಅದಕ್ಕೆ ಕತ್ತೆ ಎಂದು ಹೆಸರಿಟ್ಟಿದ್ದರು. "ಕರ್ತನೂ ಕತ್ತೆ ಮ್ಯಾಲೇ ಬಂದಿದ್ದು ಕಣವ್ವಾ. ಅವ್ನ ಕತ್ತೆಗೆ ಪೆಟ್ರೋಲ್ ಬೇಕಿರ್ಲಿಲ್ಲ, ಅಷ್ಟೇ ವ್ಯತ್ಯಾಸ," ಎನ್ನುತ್ತಿದ್ದರು. ನಾವೆಲ್ಲ ಅವರನ್ನು ಅಯ್ನೋರು ಎಂದೇ ಕರೆಯುತ್ತಿದ್ದೆವು. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಯಾವಾಗಲೂ ಬಿಳಿ ಅಂಗಿ, ಕತ್ತಿನವರೆಗೂ ಗುಂಡಿ ಹಾಕಿರುತ್ತಿದ್ದರು. ಹೆಂಡತಿ ಹೋದ ಮೇಲೂ ಅದರ ಇಸ್ತ್ರಿ ತಪ್ಪಲಿಲ್ಲ. ಯಾರ ಮನೆಗೆ ಹೋದರೂ ಬಾಗಿಲ ಹತ್ತಿರದ ಕುರ್ಚಿಯಲ್ಲೇ ಕೂರುವರು. ಆ ಕುರ್ಚಿಯಲ್ಲಿ ಬೇರೆಯವರಿದ್ದರೆ ನಿಂತೇ ಇರುವರು. ಇನ್ನೊಂದು ಸಂಗತಿ, ಅವರನ್ನು ಯಾರೂ ತೋಳು ಹಿಡಿದು ಎಬ್ಬಿಸುವಂತಿರಲಿಲ್ಲ. ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ವಯಸ್ಸಾದವರು ಏಳಲು ಒದ್ದಾಡಿದರೆ ನನ್ನ ಕೈ ತಾನಾಗಿ ಮುಂದೆ ಹೋಗುತ್ತದೆ. ಸಕ್ಕರೆ ಕಾಯಿಲೆಯಿಂದ ಅವರ ಪಾದದಲ್ಲಿ ಗಾಯವಾಗಿ ನಾನು ಮನೆಗೆ ಹೋಗಿ ಡ್ರೆಸಿಂಗ್ ಮಾಡುತ್ತಿದ್ದ ದಿನಗಳಲ್ಲಿ ಒಮ್ಮೆ ಹಾಗೆ ಹಿಡಿಯಲು ಹೋದೆ. ಬಿಸಿ ತಗುಲಿದವರಂತೆ ತೋಳು ಎಳೆದುಕೊಂಡರು. "ರಟ್ಟೆ ಇಡೀಬ್ಯಾಡ ಕಣವ್ವಾ. ನಾನೇ ಏಳ್ತೀನಿ," ಎಂದರು. ಗೋಡೆ ಹಿಡಿದು, ಮಂಡಿಯ ಮೇಲೆ ಕೈಯೂರಿ, ತುಂಬ ಹೊತ್ತು ತೆಗೆದುಕೊಂಡು ಎದ್ದರು.

ಕ್ರಿಸ್‌ಮಸ್ ಕಳೆದ ಮೇಲೆ ನಮ್ಮ ಸಭೆಯಲ್ಲಿ ಪ್ರೀತಿಭೋಜನ ನಡೆಯುತ್ತದೆ. ಎಲ್ಲ ಊರುಗಳ ಮನೆಯವರೂ ಸೇರಿ ಒಟ್ಟಿಗೆ ಕೂತು ಊಟ ಮಾಡುವ ದಿನ ಅದು. ಅವತ್ತು ಅಯ್ನೋರು ಬೆಳಗ್ಗೆಯಿಂದ ಸಾಂಬಾರಿನ ಬಕೆಟ್ಟು ಹಿಡಿದರೆ ಕೊನೆಯ ಪಂಕ್ತಿ ಏಳುವ ತನಕ ಬಿಡುತ್ತಿರಲಿಲ್ಲ. ಆಮೇಲೆ ಅಡುಗೆಯವರ ಜೊತೆ ಒಲೆಯ ಹತ್ತಿರ ನಿಂತುಕೊಂಡು, ತಟ್ಟೆ ಕೈಯಲ್ಲಿ ಹಿಡಿದು, ತಳದಲ್ಲಿ ಉಳಿದದ್ದನ್ನು ಉಣ್ಣುತ್ತಿದ್ದರು.

"ನೀವೂ ಕೂತ್ಕೊಳಿ ಅಯ್ನೋರೆ, ಎಲೆ ಖಾಲಿ ಇದೆ," ಎಂದು ಯಾರಾದರೂ ಎಂದರೆ, "ನಾನು ಕರೆಯೋನು ಕಣ್ರಪ್ಪಾ. ಕರೆಯೋನು ಕಡೇಗೆ," ಎಂದು ನಕ್ಕು ಮುಂದೆ ಹೋಗುತ್ತಿದ್ದರು. ಅದನ್ನು ನಾವು ಅವರ ನಮ್ರತೆ ಎಂದುಕೊಂಡಿದ್ದೆವು.

ಕರೆಯುವುದರ ಬಗ್ಗೆ ಅವರಿಗೆ ತುಂಬ ಗೊತ್ತಿತ್ತು. ಅವರ ಊರು ನುಗ್ಗೇಹಳ್ಳಿಯ ಹತ್ತಿರ. ತಂದೆ ಆ ಊರಿನ ಕುಳವಾಡಿ. ಊರಿನಲ್ಲಿ ಏನೇ ನಡೆದರೂ ಬೀದಿ ಬೀದಿಯಲ್ಲಿ ಕೂಗಿ ಹೇಳುವುದು, ಗೌಡರ ಮನೆಯ ಊಟಕ್ಕೆ ಒಂದೊಂದು ಮನೆಯ ಮುಂದೆಯೂ ನಿಂತು ಕರೆಯುವುದು ಆ ಮನೆತನದ ಪಾಲಿಗೆ ಬಂದ ಕೆಲಸ.

ಸುವಾರ್ತೆಯಲ್ಲಿ ಔತಣದ ಸಾಮ್ಯವೊಂದಿದೆ, ಯೇಸು ಹೇಳಿದ ದೃಷ್ಟಾಂತದ ಕಥೆ. ಒಬ್ಬ ಯಜಮಾನ ದೊಡ್ಡ ಔತಣ ಮಾಡಿಸಿ ಎಷ್ಟೋ ಜನರನ್ನು ಕರೆದಿರುತ್ತಾನೆ. ಎಲ್ಲ ಸಿದ್ಧವಾದ ಮೇಲೆ ಆಳನ್ನು ಕಳಿಸಿ ಬನ್ನಿ ಎಂದು ಹೇಳಿಸುತ್ತಾನೆ. ಆಗ ಒಬ್ಬೊಬ್ಬರೂ ಒಂದೊಂದು ನೆಪ ಹೇಳುತ್ತಾರೆ. ಸಿಟ್ಟಾದ ಯಜಮಾನ ಬೀದಿಯಲ್ಲಿರುವ ಬಡವರನ್ನೂ ಕುಂಟರನ್ನೂ ಕುರುಡರನ್ನೂ ಕರೆತರಿಸುತ್ತಾನೆ. ಆದರೂ ಮನೆಯಲ್ಲಿ ಇನ್ನೂ ಜಾಗವಿರುತ್ತದೆ. ದೇವರ ಕರೆ, ದೇವರ ಕೃಪೆ ಎಂದರೆ ಇದು ಎಂದು ಎಲ್ಲ ಸಭಾಪಾಲಕರೂ ಬೋಧಿಸುತ್ತಾರೆ. ಅಯ್ನೋರು ಹೇಳಿದಾಗ ಮಾತ್ರ ಅದು ನಮ್ಮ ಸೀಮೆಯಲ್ಲೇ ನಡೆದಂತೆ ಇರುತ್ತಿತ್ತು.

ಹೊಳೆನರಸೀಪುರದಲ್ಲಿ ಒಬ್ಬ ಟೈಲರ್ ಮನೆಯಲ್ಲಿ ಅವರು ಹೇಳಿದ್ದು ನೆನಪಿದೆ.

"ಊಟಕ್ಕೆ ಎಲ್ಡು ಕರೆ ಕಣ್ರಪ್ಪಾ. ಮೊದಲ್ನೇದು ಎಲೆ ಅಡಿಕೆ ಕರೆ. ಅದಕ್ಕೆ ಎಲ್ಲಾರೂ ಬತ್ತೀವಿ ಅಂತಾರೆ. ಆ ಮಾತ್ ನಂಬ್ಕಂಡೇ ಮನೆಯೋರು ಅಕ್ಕಿ ಅಳೆಯಾದು. ಎಲ್ಡ್ನೇ ಕರೆ ಎಲೆ ಹಾಕಿದ್ಮೇಲೆ. ಆ ಕರೆ ಬರಾಗಂಟ ಮಾನಸ್ಥ ಯಾವನೂ ಜಗುಲಿ ಬಿಟ್ಟು ಏಳಾಕಿಲ್ಲ. ಬಂದ್ಮೇಲೆ ಯಾವನೂ ಕುಂತಿರಾಕಿಲ್ಲ. ಇವ್ರು ಏನ್ ಮಾಡುದ್ರು? ಮೊದಲ್ನೇ ಕರೇಗೆ ಹೂಂ ಅಂದು, ಅನ್ನ ಬೆಂದ್ಮೇಲೆ ಆಗಾಕಿಲ್ಲ ಅಂದ್ರು. ಒಬ್ಬ ಏನಂತಾನೆ, ತ್ವಾಟ ತಗಂಡಿವ್ನಿ, ಓಗಿ ನೋಡ್ಕಂಡ್ ಬರ್ಬೇಕು ಅಂತಾನೆ. ಲೇ, ನೋಡ್ದೆ ಯಾವ ಭೂಪ ತ್ವಾಟ ತಗಂತಾನ್ಲಾ?"

ಟೈಲರ್ ಹೆಂಡತಿ ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದಳು.

"ಇನ್ನೊಬ್ಬ ಐದು ಜೊತೆ ಎತ್ತು ತಂದವ್ನಂತೆ, ಪರೀಕ್ಷೆ ಮಾಡ್ಬೇಕಂತೆ. ಹಲ್ಲು ನೋಡ್ಲಿಲ್ಲ, ಸುಳಿ ನೋಡ್ಲಿಲ್ಲ, ಸುಮ್ನೆ ಹೊಡ್ಕಂಡ್ ಬಂದ್ಬುಟ್ಟವ್ನೆ ಮಹಾರಾಯ! ಮೂರ್ನೇಯವ್ನ ಕಥೆ ಬ್ಯಾಡ ಬುಡಿ, ಎಂಡ್ತಿ ಕಳಸ್ಲಿಲ್ವಂತೆ."

ನಗು ನಿಂತ ಮೇಲೆ ಅವರ ದನಿ ಇಳಿಯುತ್ತಿತ್ತು. "ಕೃಪೆ ಅಂದ್ರೆ ಇನ್ನೇನಲ್ಲ. ಖಾಲಿ ಎಲೆ. ಇನ್ನೂ ಯಾರೋ ಬರ್ಬೇಕು ಅಂತ ಹಾಕಿರೋ ಎಲೆ."

ಈ ಸಾಮ್ಯ ಸುವಾರ್ತೆಯಲ್ಲಿ ಇನ್ನೊಂದು ಕಡೆಯೂ ಬರುತ್ತದೆ. ಅಲ್ಲಿ ಔತಣ ಮಾಡುವವನು ಅರಸ. ಮಗನ ಮದುವೆಯ ಊಟ. ಬೀದಿಯಿಂದ ಕರೆತಂದ ಜನ ಕೂತ ಮೇಲೆ ಅರಸ ಒಳಗೆ ಬರುತ್ತಾನೆ. ಮದುವೆಯ ಉಡುಪಿಲ್ಲದ ಒಬ್ಬನನ್ನು ನೋಡಿ, ಹೇಗೆ ಒಳಗೆ ಬಂದೆ ಎಂದು ಕೇಳುತ್ತಾನೆ. ಅವನು ಬಾಯಿ ಬಿಡುವುದಿಲ್ಲ. ಕೈಕಾಲು ಕಟ್ಟಿ ಹೊರಗಿನ ಕತ್ತಲೆಗೆ ಹಾಕಿ ಎಂದು ಅರಸ ಸೇವಕರಿಗೆ ಹೇಳುತ್ತಾನೆ. ಅಯ್ನೋರು ಈ ಭಾಗವನ್ನು ಯಾವ ಮನೆಯಲ್ಲೂ ಓದಿ ಹೇಳಿದ್ದಿಲ್ಲ.

ನಾನು ಅರಕಲಗೂಡಿನ ಆಸ್ಪತ್ರೆಯಲ್ಲಿದ್ದ ಕಾಲದಲ್ಲಿ ಅಲ್ಲಿಯ ಒಂದು ಮನೆಯಲ್ಲಿ ಪ್ರಾರ್ಥನೆ ಇತ್ತು. ಆ ಮನೆಯ ಮೊಮ್ಮಗಳು ಕಾಲೇಜಿಗೆ ಹೋಗುವವಳು, ಚುರುಕಿನವಳು. ಅಯ್ನೋರು ಖಾಲಿ ಎಲೆಯ ಮಾತು ಮುಗಿಸುತ್ತಿದ್ದಂತೆ ಕೇಳಿದಳು: "ಅಯ್ನೋರೆ, ದಾರೀಲಿ ಹೋಗೋರನ್ನ ತಾನೇ ಕರೆಸಿ, ಆಮೇಲೆ ಬಟ್ಟೆ ಸರಿಯಿಲ್ಲ ಅಂತ ಆಚೆಗೆ ಹಾಕಿದ್ರೆ ಅದ್ಯಾವ ಕೃಪೆ?"

ಅವರು ಪುಸ್ತಕ ಮುಚ್ಚಿದರು. "ಗೊತ್ತಿಲ್ಲ ಮಗಾ," ಎಂದರು. ಪ್ರಾರ್ಥನೆ ಚಿಕ್ಕದಾಗಿ ಮುಗಿಯಿತು. ಕಾಫಿ ಕುಡಿಯದೆ ಎದ್ದರು.

ಹೊರಗೆ ಮೊಪೆಡ್ಡಿನ ಹತ್ತಿರ ನಾನು ಸಮಾಧಾನದ ಮಾತು ಹೇಳಲು ಹೋದೆ. ಆ ಕಾಲದಲ್ಲಿ ಉಡುಪನ್ನು ಅರಸನೇ ಕೊಡುತ್ತಿದ್ದ, ಕೊಟ್ಟದ್ದನ್ನು ತೊಡದೆ ಬಂದದ್ದು ಅವನ ಅಹಂಕಾರ ಎಂದು ನಮ್ಮ ಸಭಾಪಾಲಕರು ವಿವರಿಸಿದ್ದರಲ್ಲ, ಅದನ್ನು ನೆನಪಿಸಿದೆ.

"ಇರಬೌದು ಕಣವ್ವಾ. ದೊಡ್ಡೋರು ಓದಿರ್ತಾರೆ," ಎಂದರು. ಮೊಪೆಡ್ಡಿನ ಸ್ಟ್ಯಾಂಡು ತೆಗೆದರು. "ಆದ್ರೆ ಕೇಳ್ದಾಗ ಅವ್ನು ಸುಮ್ಕಿದ್ದ ನೋಡು. ಯಾಕ್ ಸುಮ್ಕಿದ್ದ ಅಂತ ಮಾತ್ರ ಯಾರೂ ಕೇಳಾಕಿಲ್ಲ."

ಆ ಮಾತು ಅಲ್ಲಿಗೆ ನಿಂತಿತು. ಅದಾಗಿ ಎಷ್ಟೋ ವರ್ಷ ಕಳೆಯಿತು.

ಕಳೆದ ವರ್ಷ ಒಂದು ಮಧ್ಯಾಹ್ನ ಹಾಸನದಲ್ಲಿ ಅವರ ಬಾಡಿಗೆ ಮನೆಯಲ್ಲಿ ನಾನು ಗಾಯಕ್ಕೆ ಪಟ್ಟಿ ಸುತ್ತುತ್ತಿದ್ದೆ. ಬಾಗಿಲಿನಾಚೆ ಬಿಳಿ ಪಂಚೆಯ ಹಿರಿಯರೊಬ್ಬರು ಬಂದು ನಿಂತರು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ, ಒಂದು ಕರೆಯೋಲೆ. ಅಯ್ನೋರ ಪಾದ ನನ್ನ ಕೈಯಲ್ಲಿತ್ತು. ಅದು ಬಿಗಿಯಾದದ್ದು ನನಗೆ ತಿಳಿಯಿತು.

"ಗುರ್ತು ಸಿಕ್ತಾ?" ಎಂದರು ಬಂದವರು.

"ಸಿಕ್ತು. ಗೌಡ್ರ ಮಗ."

"ಈಗ ನಾನೇ ಗೌಡ, ನಾನೇ ಮುದುಕ," ಎಂದು ನಗಲು ನೋಡಿದರು. ನಗು ಸರಿಯಾಗಿ ಬರಲಿಲ್ಲ. "ಅಳೇ ಮನೆ ಕೆಡವ್ಬುಟ್ಟೆ. ಒಸ ಮನೆ ಕಟ್ಸಿದ್ದೀನಿ. ಗೃಹಪ್ರವೇಶ ಇಟ್ಕಂಡಿದ್ದೀವಿ. ನೀನು ಬರ್ಬೇಕು. ನೀವು ಬರ್ಬೇಕು."

ಇನ್ನೂ ಹೊಸಿಲ ಆಚೆಯೇ ನಿಂತಿದ್ದರು. ಅಯ್ನೋರು, "ಒಳಿಕ್ಕೆ ಬನ್ನಿ," ಎಂದರು. ಅವರು ಚಪ್ಪಲಿ ಬಿಟ್ಟು ಬಂದು ಮಂಚದ ತುದಿಯಲ್ಲಿ ಕೂತರು. ತಾವೇ ನೀರು ಕೇಳಿದರು. ನಾನು ತಂದುಕೊಟ್ಟ ಲೋಟವನ್ನು ಬಾಯಿಗೆ ಕಚ್ಚಿ ಪೂರ್ತಿ ಕುಡಿದರು. ಅಯ್ನೋರು ಆ ಲೋಟವನ್ನು ಕೊನೆಯ ಗುಟುಕಿನವರೆಗೂ ನೋಡುತ್ತಿದ್ದರು.

"ಆಯ್ತು. ಬತ್ತೀನಿ," ಎಂದು ಒಪ್ಪಿಕೊಂಡರು.

ಆ ಮಾತು ಹೇಳಿದ ಗಳಿಗೆಯಿಂದ ಅವರಿಗೆ ನೆಮ್ಮದಿ ಇರಲಿಲ್ಲ. ಅವರ ತಮ್ಮನ ಮಗ ಹಾಸನದಲ್ಲೇ ಹೈಸ್ಕೂಲ್ ಮೇಷ್ಟ್ರು. ಆ ಮನೆಯವರು ಬೌದ್ಧರಾಗಿದ್ದಾರೆ. ದೊಡ್ಡಪ್ಪನ ಮೇಲೆ ಅವನಿಗೆ ಜೀವ. ಮರುದಿನ ವಿಷಯ ತಿಳಿದು ಬಂದು ನಿಂತುಕೊಂಡೇ ಮಾತಾಡಿದ.

"ಹೋಗ್ಬೇಡಿ ದೊಡ್ಡಪ್ಪ. ಇಷ್ಟು ವರ್ಷ ಆದ್ಮೇಲೆ ಒಂದು ಎಲೆ ಹಾಕ್ತೀವಿ ಅಂದ್ರೆ ನಾವು ಓಡ್ಕೊಂಡು ಹೋಗ್ಬೇಕಾ? ನಮ್ಮ ಅನ್ನ ನಮ್ಮ ಮನೇಲಿದೆ. ನಿಮ್ಮ ಪಕ್ಕ ನಿಂತು ಫೋಟೋ ತಗೊಂಡು ಸ್ಟೇಟಸ್‌ಗೆ ಹಾಕ್ಕೋತಾರೆ, ಅಷ್ಟೇ."

"ಬತ್ತೀನಿ ಅಂದ್ಬುಟ್ಟೆ ಕಣಪ್ಪಾ."

"ಅಂದ್ರೇನಾಯ್ತು? ಕಾಲು ಸರಿಯಿಲ್ಲ ಅನ್ನಿ. ಸುಳ್ಳೇನಲ್ವಲ್ಲ."

"ತ್ವಾಟ ತಗಂಡಿವ್ನಿ, ನೋಡಾಕೋಗ್ಬೇಕು ಅನ್ಲಾ?" ಎಂದರು ಅಯ್ನೋರು.

ನನಗೆ ನಗು ಬಂತು, ಅವರ ಮುಖ ನೋಡಿ ನಿಂತಿತು. ಅವರು ತಮಾಷೆ ಮಾಡುತ್ತಿರಲಿಲ್ಲ. ಜೀವಮಾನವೆಲ್ಲ ಊರೂರು ತಿರುಗಿ, ಕರೆ ಬಂದರೆ ಹೋಗಬೇಕು ಎಂದವರು ಅವರು. ಹೋಗದಿದ್ದರೆ ಹೇಳಿದ್ದೆಲ್ಲ ಬರೀ ಮಾತು. ಹೋದರೆ, ತಮ್ಮನ ಮಗನಂಥವರೆಲ್ಲ ಕಷ್ಟಪಟ್ಟು ಎತ್ತಿ ನಿಲ್ಲಿಸಿದ ತಲೆಯನ್ನು ಮತ್ತೆ ಆ ಬಾಗಿಲಲ್ಲೇ ತಗ್ಗಿಸಿದ ಹಾಗೆ. ಮೇಷ್ಟ್ರು ಹೇಳಿದ್ದರಲ್ಲೂ ತಪ್ಪಿರಲಿಲ್ಲ. ಅಯ್ನೋರು ನನ್ನ ಕಡೆ ತಿರುಗಿ, "ನಿನ್ ಕಾರು ಬತ್ತದಾ ಕಣವ್ವಾ?" ಎಂದರು.

ಆ ದಿನ ಬೆಳಗ್ಗೆ ಹಾಸನದಿಂದ ಹೊರಟೆವು. ಹೊಸದಾಗಿ ಇಸ್ತ್ರಿ ಮಾಡಿದ ಬಿಳಿ ಅಂಗಿ. ಚನ್ನರಾಯಪಟ್ಟಣ ದಾಟುವ ತನಕ ರಸ್ತೆಯ ಹೋಟೆಲುಗಳ ಬಗ್ಗೆ ಏನೋ ಒಂದೆರಡು ಮಾತು ಆಡಿದರು. ನುಗ್ಗೇಹಳ್ಳಿ ದಾರಿಗೆ ತಿರುಗಿದ ಮೇಲೆ ಅಂಗಿಯ ಕತ್ತಿನ ಗುಂಡಿಯನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡರು.

ಊರೊಳಗೆ ಹೋಗುತ್ತಿದ್ದಂತೆ ಶಾಮಿಯಾನ ಎದುರಾಯಿತು. ಮನೆಯ ಮುಂದಿನ ರಸ್ತೆಯ ಅಡ್ಡಕ್ಕೇ ಹಾಕಿದ್ದರು. ನಾನು ಕಾರು ನಿಲ್ಲಿಸುವಷ್ಟರಲ್ಲಿ ಹಿಂದೆ ಜನ ತುಂಬಿದ ಟ್ರಾಕ್ಟರ್ ಬಂದು ನಿಂತಿತು, ಅದರ ಹಿಂದೆ ಬೈಕುಗಳು. ಮುಂದಕ್ಕೂ ಹೋಗುವಂತಿಲ್ಲ, ಹಿಂದಕ್ಕೂ ಬರುವಂತಿಲ್ಲ. ಮೈಕಿನಲ್ಲಿ ಯಾರೋ, ಊಟಕ್ಕೆ ಎಲೆ ಹಾಕಿದೆ, ಎಲ್ಲರೂ ದಯಮಾಡಿಸಬೇಕು ಎಂದು ಕೂಗುತ್ತಿದ್ದರು.

"ಎಲ್ಡ್ನೇ ಕರೆ," ಎಂದರು ಅಯ್ನೋರು. "ಈಗ ಕುಳವಾಡಿ ಬ್ಯಾಡ. ಮೈಕೇ ಆಯ್ತು."

"ಇಳಿಯೋಣ್ವಾ ಅಯ್ನೋರೆ?"

ಕೈಯನ್ನು ಬಾಗಿಲ ಹಿಡಿಯ ಮೇಲೆ ಇಟ್ಟರು. ತೆಗೆದರು. ಮತ್ತೆ ಇಟ್ಟರು. "ಕಾಲು ಬತ್ತಾ ಇಲ್ಲ ಕಣವ್ವಾ. ಅವತ್ತೂ ಅಂಗೇ ಆಯ್ತು," ಎಂದರು. ಗಾಜು ಏರಿಸಿದ್ದ ಕಾರಿನಲ್ಲಿ, ಮುಂದೆ ನೋಡುತ್ತಲೇ ಹೇಳಿದರು. ಅವರು ಹೇಳಿದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಆಗ ಅವರಿಗೆ ಹತ್ತೊಂಬತ್ತು. ಗೌಡರ ಮನೆಯಲ್ಲಿ ಮದುವೆ. ತಂದೆಗೆ ಜ್ವರ ಬಂದು ಮಲಗಿದ್ದರಿಂದ ಊಟಕ್ಕೆ ಕರೆಯಲು ಮಗ ಹೋದ. ತಂದೆ ಯಾವತ್ತೂ ಹರಕು ಕಂಬಳಿ ಹೊದ್ದೇ ಹೋಗುತ್ತಿದ್ದವರು. ಮಗ ಬಿಳಿ ಅಂಗಿ ಹಾಕಿದ.

"ಒಗ್ದು, ಚೊಂಬಿಗೆ ಕೆಂಡ ತುಂಬಿ ನಾನೇ ಇಸ್ತ್ರಿ ಮಾಡಿದ್ದೆ ಕಣವ್ವಾ. ಒಂದ್ ಮನೆ ಬಿಡ್ದಂಗೆ ಕರ್ದೆ. ವಾಪಸ್ ಬಂದ್ರೆ ದೊಡ್ಡ ಗೌಡ್ರು, ಎಲ್ಲಾರ್ಗೂ ಹೇಳ್ದೇನ್ಲಾ, ಈ ಊರಾಗೆ ಒಂದ್ ಜೀವಾನೂ ಉಣ್ದೆ ಇರ್ಬಾರ್ದು ಅಂದ್ರು. ಸಂತೋಷವಾಗಿ ಅಂದ್ರು. ನಾನು ನಂಬ್ದೆ. ಕಾಲ ಬದಲಾಯ್ತು ಅನ್ಕಂಡೆ. ತೊಟ್ಟೀಲಿ ಪಂಕ್ತಿ ಕುಂತಿತ್ತು. ಕೊನೇಲಿ ಒಂದೆಲೆ ಖಾಲಿ ಇತ್ತು. ಓಗಿ ಕುಂತೆ."

ಮೊದಲು ಯಾರೂ ಗಮನಿಸಲಿಲ್ಲವಂತೆ. ಅನ್ನ ಬಡಿಸುವವನು ಎಲೆಯ ಮುಂದೆ ಬಗ್ಗಿದವನು ಮುಖ ನೋಡಿ ಹಾಗೇ ನಿಂತ. ಇಡೀ ಪಂಕ್ತಿ ಎದ್ದಿತು. ಪಕ್ಕದಲ್ಲಿ ಕೂತಿದ್ದ ಗೌಡರ ಮಗನೂ ಎದ್ದ. ಇಬ್ಬರೂ ಒಂದೇ ಸ್ಕೂಲಿನಲ್ಲಿ ಓದಿದವರು. ಹೆಂಗಲಾ ಬಂದೆ ಒಳಿಕ್ಕೆ ಎಂದು ದೊಡ್ಡ ಗೌಡರು ಕೇಳಿದರು.

"ನೀವೇ ಕರುದ್ರಲ್ಲ ಅನ್ಬೇಕು. ಬಾಯೇ ಬರ್ಲಿಲ್ಲ. ಏಳ್ಲಾ ಅಂತ ಕೂಗ್ತಾವ್ರೆ, ಕಾಲೂ ಬರ್ಲಿಲ್ಲ. ನನ್ನ ಯಾರೂ ಮುಟ್ಟಂಗಿಲ್ಲವಲ್ಲ. ಅದಕ್ಕೇ ಕೇರಿಗೆ ಆಳು ಕಳ್ಸಿ ಅಪ್ಪನ್ನ ಕರ್ಸುದ್ರು. ಅಪ್ಪ ಬರಾಗಂಟ ನಾನು ಆ ಎಲೆ ಮುಂದೆ ಕುಂತೇ ಇದ್ದೆ. ಅಪ್ಪ ಬಂದು ರಟ್ಟೆಗೆ ಕೈ ಹಾಕಿ ಎತ್ತುದ್ರು. ಎಳ್ಕಂಡು ಈಚೆಗ್ ಬಂದ್ರು. ಜ್ವರದ ಕೈ ಕಣವ್ವಾ, ಸುಡ್ತಿತ್ತು."

ಮರುದಿನ ಊರು ಬಿಟ್ಟು ಹಾಸನಕ್ಕೆ ಬಂದರು. ಸಭೆಯವರು ನಡೆಸುತ್ತಿದ್ದ ಹಾಸ್ಟೆಲಿನಲ್ಲಿ ಜಾಗ ಸಿಕ್ಕಿತು. "ಗೌಡ್ರ ಮ್ಯಾಲಿನ ಸಿಟ್ಟು ಯಾವತ್ತೋ ಓಯ್ತು. ಅಪ್ಪನ ಜೊತೆ ಮಾತ್ರ ಅವ್ರು ಸಾಯಾಗಂಟ ನೆಟ್ಟಗೆ ಮಾತಾಡ್ಲಿಲ್ಲ ನಾನು," ಎಂದರು.

ಆಗ ಕಾರಿನ ಗಾಜು ಯಾರೋ ತಟ್ಟಿದರು. ಗೌಡರ ಸೊಸೆ. ರೇಷ್ಮೆ ಸೀರೆ, ಬೆವರಿದ ಮುಖ. ಒಂದು ಕೈಯಲ್ಲಿ ಟಿಫನ್ ಕ್ಯಾರಿಯರ್, ಇನ್ನೊಂದರಲ್ಲಿ ಸುತ್ತಿದ ಬಾಳೆ ಎಲೆ. ನಾನು ಗಾಜು ಇಳಿಸಿದೆ.

"ಅಜ್ಜಾರೆ, ಅವಾಗ್ಲಿಂದ ನೋಡ್ತಿದ್ದೀನಿ, ಕಾಲು ನೋವು ಅಂತ ಕಾಣ್ತದೆ. ಇಳಿಯಾಕ್ ಓಗ್ಬೇಡಿ. ಇಲ್ಲೇ ಆರಾಮಾಗಿ ಉಂಡ್ಬುಡಿ. ಎಲ್ಲಾ ತಂದಿದ್ದೀನಿ," ಎಂದಳು. ಎಲೆಯನ್ನು ಕಿಟಕಿಯಿಂದ ಒಳಗೆ ಚಾಚಿ ಅವರ ತೊಡೆಯ ಮೇಲೆ ಹರಡಿದಳು.

ಅವಳಿಗೆ ಏನೂ ತಿಳಿಯದು. ಅವಳ ಮುಖದಲ್ಲಿ ಪ್ರೀತಿಯಲ್ಲದೆ ಬೇರೇನೂ ಇರಲಿಲ್ಲ. ನನಗೆ ಮಾತ್ರ ಕಂಡದ್ದು ಬೇರೆ. ಮನೆಯ ಹೊರಗೆ ಕೂತವನಿಗೆ ಅಲ್ಲಿಗೇ ತಂದು ಹಾಕುವ ಊಟ. ಕುಳವಾಡಿಯಾಗಿ ಅವರ ತಂದೆ ಗೌಡರ ಹಿತ್ತಿಲಲ್ಲಿ ಕಾದು ಕಾದು ಉಂಡದ್ದೂ ಇದೇ. ಬೇಡ ಎಂದರೆ ಅವಳ ಮನಸ್ಸು ನೋಯುತ್ತದೆ. ಉಂಡರೆ ಇವರದು ಏನೂ ಉಳಿಯುವುದಿಲ್ಲ. ಅಯ್ನೋರು ತೊಡೆಯ ಮೇಲಿನ ಎಲೆಯನ್ನು ನೋಡುತ್ತ ಕೂತಿದ್ದರು. ಹಿಂದೆ ಟ್ರಾಕ್ಟರಿನವನು ಹಾರ್ನ್ ಹೊಡೆಯುತ್ತಿದ್ದ.

ಕೊನೆಗೆ ಎಲೆಯನ್ನು ಮೆಲ್ಲಗೆ ಸುತ್ತಿ ಅವಳ ಕೈಗೆ ಕೊಟ್ಟರು. "ಒಳ್ಳೇ ಮನಸಿಂದ ತಂದಿದ್ದೀಯ ತಾಯಿ. ಇದನ್ನ ತಗಂಡೋಗಿ ಅಲ್ಲೇ ಹಾಕು, ಎಲ್ಲಾರ್ ಜೊತೇಲಿ. ನಾನೇ ಬತ್ತೀನಿ," ಎಂದರು. ಆಮೇಲೆ ನನಗೆ, "ಲಾಕ್ ತೆಗಿ ಕಣವ್ವಾ."

ಶಾಮಿಯಾನದೊಳಗೆ ಉದ್ದನೆಯ ಮೇಜುಗಳು, ಅವುಗಳ ಮೇಲೆ ಹಾಸಿದ ಬಿಳಿ ಕಾಗದ, ಸಾಲು ಎಲೆಗಳು. ಈಗಿನ ಊಟಗಳಲ್ಲಿ ಆಗುವಂತೆ ಪ್ರತಿ ಕುರ್ಚಿಯ ಹಿಂದೆಯೂ ಮುಂದಿನ ಪಂಕ್ತಿಯವರು ಕಾದು ನಿಂತಿದ್ದರು. ಸೊಸೆ ಅಯ್ನೋರನ್ನು ಸಾಲಿನ ನಡುವೆ ಕೂರಿಸಿದಳು. ನಾನು ಪಕ್ಕದಲ್ಲಿ ಕೂತೆ. ಅವರ ಬೆನ್ನಿನ ಹಿಂದೆ ಬಾಗಿಲಿರಲಿಲ್ಲ, ಜನರಿದ್ದರು. ಬಂದವರಿಗೆ ಕೈ ಮುಗಿಯುತ್ತ ನಿಂತಿದ್ದ ಗೌಡರು ಅವರನ್ನು ಕಂಡರು. ಮನೆ ಯಜಮಾನ ಉಣ್ಣುವುದು ಎಲ್ಲರೂ ಉಂಡ ಮೇಲೆ. ಆದರೂ ನಡೆದು ಬಂದು ಅಯ್ನೋರ ಎದುರಿನ ಎಲೆಗೆ ಕೂತರು.

ಉಪ್ಪು, ಕೋಸಂಬರಿ, ಪಲ್ಯ ಬಂತು. ಅನ್ನ ಬಂತು. ಬಡಿಸುವವನು ಅಯ್ನೋರ ಎಲೆಯ ಮುಂದೆ ಬಗ್ಗಿದಾಗ ಅವರು ಉಸಿರು ಹಿಡಿದದ್ದು ನನಗೆ ಕೇಳಿಸಿತು. ಅವನು ಬಡಿಸಿ ಮುಂದೆ ಹೋದ. ಅಷ್ಟೇ. ಅವರ ಕೈ ಎಲೆಯ ಮೇಲೆ ಗಾಳಿಯಲ್ಲಿ ನಿಂತಿತ್ತು. ಆಮೇಲೆ ಇಳಿಯಿತು. ಒಂದೊಂದು ತುತ್ತನ್ನೂ ತುಂಬ ಹೊತ್ತು ಅಗಿದರು. ಪಾಯಸ ಬರುವಷ್ಟರಲ್ಲಿ ಅಕ್ಕಪಕ್ಕದವರು ಎಲೆ ಮಡಚಿ ಏಳತೊಡಗಿದ್ದರು. ಸಾಲು ಖಾಲಿಯಾಯಿತು. ಅವರ ಎಲೆಯಲ್ಲಿ ಅರ್ಧದಷ್ಟು ಅನ್ನ ಇನ್ನೂ ಇತ್ತು.

ಹಿಂದೆ ಕಾದಿದ್ದವನೊಬ್ಬ ಅವರ ಕುರ್ಚಿಯ ಮೇಲೆ ಕೈ ಇಟ್ಟು, "ಯಜಮಾನ್ರೆ, ಆಯ್ತಾ? ಏಳ್ತೀರಾ?" ಎಂದ. ಅವನ ಮಾತಿನಲ್ಲಿ ಒರಟೇನೂ ಇರಲಿಲ್ಲ. ಬಸ್ಸಿನಲ್ಲಿ ಸೀಟು ಕೇಳಿದಂತೆ ಕೇಳಿದ. ಆದರೆ ಅಯ್ನೋರು ಆ ಮಾತು ಮುಗಿಯುವ ಮೊದಲೇ ಅರ್ಧ ಎದ್ದುಬಿಟ್ಟಿದ್ದರು. ತುತ್ತು ಕೈಯಲ್ಲೇ ಇತ್ತು.

"ಕುಂತ್ಕೋ," ಎಂದರು ಎದುರಿನಿಂದ ಗೌಡರು. ಅವರ ಎಲೆಯಲ್ಲಿ ಏನೂ ಉಳಿದಿರಲಿಲ್ಲ. ಎಂಜಲು ಕೈ ಒಣಗಿ, ಅನ್ನದ ಅಗುಳು ಬೆರಳಿಗೆ ಬಿಳಿಯಾಗಿ ಅಂಟಿತ್ತು. "ಕುಂತ್ಕಂಡು ಉಣ್ಣು. ಅವತ್ತು ನಾನೂ ಎದ್ದಿದ್ದೆ. ಇವತ್ತು ನೀನು ಏಳಾಗಂಟ ಏಳಾಕಿಲ್ಲ."

ಅಯ್ನೋರು ಕೂತರು.

ಎಲೆ ತೆಗೆಯುವವರು ಮೇಜಿನ ಆ ತುದಿಯಿಂದ ಕಾಗದವನ್ನು ಎಲೆ ಸಮೇತ ಸುತ್ತಿಕೊಂಡು ಬಂದರು. ಇವರಿಬ್ಬರ ಹತ್ತಿರ ಬಂದು ಯಜಮಾನರ ಮುಖ ನೋಡಿ ನಿಂತರು. ಕಾದು ನಿಂತಿದ್ದವರು ಗೊಣಗುತ್ತ ಬೇರೆ ಸಾಲಿಗೆ ಹೋದರು. ಆ ಉದ್ದದ ಮೇಜಿನಲ್ಲಿ ಇಬ್ಬರು ಮುದುಕರು. ಒಬ್ಬರು ಉಣ್ಣುತ್ತಿದ್ದರು, ಇನ್ನೊಬ್ಬರು ಒಣಗಿದ ಕೈ ಹಾಗೇ ಇಟ್ಟುಕೊಂಡು ಕೂತಿದ್ದರು. ಗೌಡರು ಕ್ಷಮೆ ಕೇಳಿದ್ದನ್ನು ನಾನು ಕೇಳಲಿಲ್ಲ. ಅಯ್ನೋರು ಕ್ಷಮಿಸಿದರೋ ಇಲ್ಲವೋ ಅದೂ ನನಗೆ ತಿಳಿಯದು. ಎಲೆಯಲ್ಲಿ ಒಂದು ಅಗುಳೂ ಉಳಿಯಲಿಲ್ಲ ಎಂಬುದನ್ನು ಮಾತ್ರ ಹೇಳಬಲ್ಲೆ.

ವಾಪಸು ಬರುವಾಗ ತಮ್ಮನ ಮಗ ಫೋನ್ ಮಾಡಿದ. "ಹೆಂಗಿತ್ತು ದೊಡ್ಡಪ್ಪ?" "ಸಾಂಬಾರಿಗೆ ಉಪ್ಪು ಜಾಸ್ತಿ ಕಣಪ್ಪಾ," ಎಂದು ಇಟ್ಟರು.

ಸ್ವಲ್ಪ ದಿನದ ಮೇಲೆ ಅರಕಲಗೂಡಿನ ಅದೇ ಮನೆಗೆ ಕರೆದುಕೊಂಡು ಹೋಗು ಎಂದರು. ಕಾಲೇಜಿನಲ್ಲಿದ್ದ ಮೊಮ್ಮಗಳು ಈಗ ಒಂದು ಮಗುವಿನ ತಾಯಿ, ತವರಿಗೆ ಬಂದಿದ್ದಳು. ಅವಳ ಕೈಗೇ ಪುಸ್ತಕ ಕೊಟ್ಟು, ಅರಸನ ಮಗನ ಮದುವೆಯ ಭಾಗವನ್ನು ಕೊನೆಯವರೆಗೂ ಓದಿಸಿದರು. ಕೈಕಾಲು ಕಟ್ಟಿ ಹಾಕಿ ಎಂಬಲ್ಲಿಗೆ ಬಂದಾಗ ನಾನು ತಲೆ ತಗ್ಗಿಸಿದೆ.

"ಅವತ್ತು ನೀನು ಕೇಳ್ದೆ. ಇವತ್ತೂ ನಂಗೆ ಅದು ಪೂರ್ತಿ ಗೊತ್ತಿಲ್ಲ ಮಗಾ," ಎಂದರು. "ಆದ್ರೆ ಒಂದು ನೋಡು. ಅರಸ ಹೇಳ್ದ, ಸರಿ. ಕಟ್ಟಿದ್ದು ಯಾರು? ಸೇವಕ್ರು. ಬೆಳಗಿಂದ ಬೀದಿ ಬೀದಿ ಅಲ್ದು ಬನ್ರಪ್ಪಾ ಬನ್ರಪ್ಪಾ ಅಂತ ಕರ್ಕಂಡ್ ಬಂದೋರೇ ಅವ್ರು. ಕರ್ದ ಕೈಲೇ ಕಟ್ಟು ಅಂದ್ರೆ ಆ ಕೈ ಎಂಗಿದ್ದಿರ್ಬೇಕು? ಇಷ್ಟ್ ವರ್ಷ ಒಬ್ನೇ ಓದ್ಕಂಡಿವ್ನಿ, ಆ ಕೈ ನನ್ ಕಣ್ಣಿಗೆ ಬೀಳ್ಲೇ ಇಲ್ಲ."

ಪ್ರಾರ್ಥನೆಯಲ್ಲಿ ಅವರು ತಮ್ಮ ತಂದೆಯ ಹೆಸರು ಹೇಳಿದರು. ಆ ಹೆಸರು ನಾನು ಕೇಳಿದ್ದು ಅದೇ ಮೊದಲು.

ಮಳೆ ಹಿಡಿದ ಮೇಲೆ ಕಾಲಿನ ಗಾಯ ಏರಿತು. ಜ್ವರ ಬಂದು ನಮ್ಮ ಆಸ್ಪತ್ರೆಗೇ ಸೇರಿಸಿದೆವು. ಎರಡೂ ಹೊತ್ತಿನ ನರ್ಸುಗಳಿಗೂ ನಾನು ಮೊದಲೇ ಹೇಳಿಟ್ಟಿದ್ದೆ: ಅವರ ತೋಳು ಮಾತ್ರ ಹಿಡಿಯಬೇಡಿ, ಅವರಾಗಿ ಏಳಲಿ.

ಒಂದು ಬೆಳಗ್ಗೆ ಗಂಜಿ ತಂದಿದ್ದೆ. ಮಂಚದ ಕಂಬಿ ಹಿಡಿದು ಏಳಲು ನೋಡಿದರು, ಆಗಲಿಲ್ಲ. ಮತ್ತೆ ನೋಡಿದರು. ನಾನು ಲೋಟ ಹಿಡಿದುಕೊಂಡು ಪಕ್ಕದಲ್ಲಿ ಸುಮ್ಮನೆ ನಿಂತಿದ್ದೆ. ಅವರು ಕಂಬಿ ಬಿಟ್ಟರು. ತೋಳನ್ನು ನನ್ನ ಕಡೆಗೆ ಚಾಚಿದರು.

"ರಟ್ಟೆ ಇಡ್ಕೋ ಕಣವ್ವಾ," ಎಂದರು. "ಎಬ್ಬಿಸು."

ಲೋಟ ಕೆಳಗಿಟ್ಟು ಹಿಡಿದುಕೊಂಡೆ. ಜ್ವರಕ್ಕೆ ಅವರ ತೋಳು ಸುಡುತ್ತಿತ್ತು.